ಐಒಎಸ್‌ನ ಕಿರಿಕಿರಿಗಳು, ಆಂಡ್ರಾಯ್ಡ್‌ನ ಕಿರಿಕಿರಿಗಳು: ದಿನನಿತ್ಯದ ಬಳಕೆಯನ್ನಷ್ಟೇ ಚರ್ಚಿಸೋಣ

1. ನಿಧಾನಪ್ರಿಯ

ಯಾವ ಫೋನು ಮೇಲು ಎಂಬ ವಾದ ಶುರುವಾದರೆ ಸಾಮಾನ್ಯವಾಗಿ ಕ್ಯಾಮೆರಾ, ಬೆಲೆ, ಪ್ರತಿಷ್ಠೆ ಇವುಗಳ ಸುತ್ತಲೇ ಗಿರಕಿ ಹೊಡೆದು ಜಗಳದಲ್ಲಿ ಮುಗಿಯುತ್ತದೆ. ಅವೆಲ್ಲವನ್ನೂ ಬದಿಗಿಟ್ಟು, ಆಪರೇಟಿಂಗ್ ಸಿಸ್ಟಮ್ ಒಂದನ್ನೇ, ಅಂದರೆ ಫೋನನ್ನು ನಡೆಸುವ ಮೂಲ ತಂತ್ರಾಂಶವನ್ನೇ, ಮುಂದಿಟ್ಟುಕೊಂಡು, ಫೋನು ಹಿಡಿದವರೆಲ್ಲರೂ ದಿನವಿಡೀ ಮಾಡುವ ಸಣ್ಣ ಕೆಲಸಗಳಲ್ಲಿ ಯಾವುದು ಎಲ್ಲಿ ಎಡವುತ್ತದೆ ಎಂಬುದನ್ನು ಮಾತ್ರ ನೋಡಬೇಕೆಂದು ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. ಐಫೋನಿನ ಐಒಎಸ್, ಗೂಗಲ್‌ನ ಆಂಡ್ರಾಯ್ಡ್ ಎರಡೂ ನನ್ನ ಬಳಕೆಯಲ್ಲಿವೆ. ನನ್ನ ಆಕ್ಷೇಪಗಳು ಹೆಚ್ಚಾಗಿ ಐಒಎಸ್‌ನ ಮೇಲಿವೆ. ಅದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಎಲ್ಲಕ್ಕಿಂತ ದೊಡ್ಡದು ಹಿಂದಕ್ಕೆ ಹೋಗುವ ವಿಷಯ. ಆಂಡ್ರಾಯ್ಡ್‌ನಲ್ಲಿ ಮೊದಲ ಫೋನಿನಿಂದಲೂ ಇದಕ್ಕೊಂದು ಬಟನ್ ಇತ್ತು. 2019ರ ಆಂಡ್ರಾಯ್ಡ್ 10ರಿಂದ ಪರದೆಯ ಎಡ ಅಥವಾ ಬಲ ಯಾವ ಅಂಚಿನಿಂದ ಬೆರಳೆಳೆದರೂ ಅದೇ ಕೆಲಸ ಆಗುತ್ತದೆ. ಕೀಬೋರ್ಡ್ ತೆರೆದಿದ್ದರೆ ಅದು ಮುಚ್ಚುತ್ತದೆ, ಮೇಲೊಂದು ಪೆಟ್ಟಿಗೆ ತೆರೆದಿದ್ದರೆ ಅದು ಹೋಗುತ್ತದೆ, ಏನೂ ಇಲ್ಲದಿದ್ದರೆ ಹಿಂದಿನ ಪುಟ ಬರುತ್ತದೆ. ಯಾವ ಆ್ಯಪ್‌ನಲ್ಲಿದ್ದೇವೆ ಎಂದು ಯೋಚಿಸಬೇಕಾಗಿಲ್ಲ. ಐಒಎಸ್‌ನಲ್ಲಿ ಹಾಗಲ್ಲ. ಎಡ ಅಂಚಿನಿಂದ ಎಳೆಯುವ ಕ್ರಮ ಇದೆಯಾದರೂ ಆ್ಯಪ್ ಬರೆದವರು ಪುಟದಿಂದ ಪುಟಕ್ಕೆ ಸಾಗಲು ಸಿಸ್ಟಮ್ ಕೊಟ್ಟ ವಿಧಾನವನ್ನು ಬಳಸಿದ್ದರೆ ಮಾತ್ರ ಅದು ಕೆಲಸ ಮಾಡುತ್ತದೆ. ಕೆಳಗಿನಿಂದ ಎದ್ದು ಬಂದ ಪುಟವನ್ನು ಕೆಳಕ್ಕೇ ಎಳೆಯಬೇಕು, ದೊಡ್ಡದಾಗಿ ತೆರೆದ ಚಿತ್ರದ ಮೂಲೆಯಲ್ಲಿ ಗುಣಾಕಾರದ ಗುರುತನ್ನು ಹುಡುಕಬೇಕು, ಇನ್ನು ಕೆಲವೆಡೆ ಮೇಲ್ಗಡೆ ಎಡತುದಿಯ ಬಾಣದ ಗುರುತನ್ನು ಒತ್ತದೆ ಬೇರೆ ದಾರಿಯೇ ಇರುವುದಿಲ್ಲ. ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋದಾಗ ಮರಳಿ ಬರಲು 2015ರ ಐಒಎಸ್ 9ರಲ್ಲಿ ಒಂದು ಕೊಂಡಿಯನ್ನು ಕೊಟ್ಟರು. ಅದನ್ನು ಇಟ್ಟದ್ದೂ ಹೆಬ್ಬೆರಳಿಗೆ ಎಟುಕದ ಅದೇ ಮೇಲಿನ ಮೂಲೆಯಲ್ಲಿ, ಅತಿ ಸಣ್ಣ ಅಕ್ಷರಗಳಲ್ಲಿ. ಎಟುಕದು ಎಂಬುದು ತಯಾರಕರಿಗೆ ತಿಳಿಯದ್ದೇನಲ್ಲ, ಏಕೆಂದರೆ 2014ರಲ್ಲಿ ಪರದೆ ದೊಡ್ಡದಾದ ಕೂಡಲೇ ಇಡೀ ಪರದೆಯನ್ನೇ ಅರ್ಧಕ್ಕೆ ಕೆಳಗಿಳಿಸುವ ಸೌಲಭ್ಯವೊಂದನ್ನು ಅವರೇ ಸೇರಿಸಿದರು. ಬಟನ್ ಇರುವ ಜಾಗವನ್ನು ಬದಲಾಯಿಸುವ ಬದಲು ಪರದೆಯನ್ನೇ ಜರುಗಿಸುವ ಈ ಯೋಚನೆಗೆ ನಾನು ಇಂದಿಗೂ ಬೆರಗಾಗುತ್ತೇನೆ.

ಎರಡನೆಯದು ನೋಟಿಫಿಕೇಶನ್. 2017ರ ಆಂಡ್ರಾಯ್ಡ್ 8ರಿಂದ ಪ್ರತಿ ಆ್ಯಪ್‌ನ ಸೂಚನೆಗಳೂ ಬೇರೆ ಬೇರೆ ವಾಹಿನಿಗಳಾಗಿ ವಿಂಗಡವಾಗುತ್ತವೆ. ತರಿಸಿದ ವಸ್ತು ಎಲ್ಲಿದೆ ಎಂಬ ಸೂಚನೆಯನ್ನು ಉಳಿಸಿಕೊಂಡು, ರಿಯಾಯಿತಿಯ ಜಾಹೀರಾತನ್ನು ಮಾತ್ರ ಸಿಸ್ಟಮ್‌ನ ಮಟ್ಟದಲ್ಲೇ ಮುಚ್ಚಿಬಿಡಬಹುದು. ಐಒಎಸ್‌ನಲ್ಲಿ ಒಂದು ಆ್ಯಪ್‌ಗೆ ಬಾಯಿ ಕೊಟ್ಟರೆ ಅದು ಏನು ಹೇಳಿದರೂ ಕೇಳಬೇಕು. ವಿಂಗಡಿಸುವ ಅವಕಾಶ ಇದೆಯೋ ಇಲ್ಲವೋ ಎಂಬುದು ಆ ಆ್ಯಪ್‌ನವರ ದಾಕ್ಷಿಣ್ಯಕ್ಕೆ ಬಿಟ್ಟದ್ದು.

ಮುಖಪುಟದಲ್ಲಿ ಚಿಹ್ನೆಗಳನ್ನು ಬೇಕಾದ ಕಡೆ ಇಡಲು 2024ರ ಐಒಎಸ್ 18ರವರೆಗೆ ಕಾಯಬೇಕಾಯಿತು ಎಂಬುದನ್ನು ದೂರಿಗಿಂತ ಹೆಚ್ಚಾಗಿ ತಮಾಷೆಯಾಗಿ ಹೇಳುತ್ತಿದ್ದೇನೆ.

2. ಸಂಜೆಮಲ್ಲಿಗೆ

ನಿಧಾನಪ್ರಿಯ ಅವರೇ, ಹಿಂದಕ್ಕೆ ಹೋಗುವ ವಿಷಯದಲ್ಲಿ ನಿಮ್ಮ ಮಾತನ್ನು ಮುಕ್ಕಾಲು ಪಾಲು ಒಪ್ಪುತ್ತೇನೆ. ಆದರೆ ಆಂಡ್ರಾಯ್ಡ್‌ನ ಹಿಂದಕ್ಕೆ ಎಂಬುದು ಎಲ್ಲಿಗೆ ಕರೆದೊಯ್ಯುತ್ತದೆ ಎಂಬುದು ನೀವು ಹೇಳುವಷ್ಟು ಖಚಿತವಲ್ಲ. ಸೂಚನೆಯೊಂದನ್ನು ಒತ್ತಿ ಆ್ಯಪ್‌ನೊಳಗೆ ಹೋಗಿ ಅಲ್ಲಿಂದ ಹಿಂದಕ್ಕೆಳೆದರೆ ಕೆಲವು ಸಲ ಆ ಆ್ಯಪ್‌ನ ಮುಖಪುಟ ಬರುತ್ತದೆ, ಕೆಲವು ಸಲ ಆ್ಯಪ್ಪೇ ಮುಚ್ಚಿ ಹೊರಗೆ ಬೀಳುತ್ತೇವೆ. ಎಳೆಯುವಾಗಲೇ ಮುಂದೆ ಬರಲಿರುವ ಪುಟದ ಅಂಚನ್ನು ತೋರಿಸುವ ವ್ಯವಸ್ಥೆಯನ್ನು ಗೂಗಲ್ ಆಂಡ್ರಾಯ್ಡ್ 13ರಿಂದ ಹಂತಹಂತವಾಗಿ ತರಬೇಕಾಯಿತೆಂದರೆ, ಬಳಕೆದಾರರು ಎಲ್ಲಿಗೆ ಹೋಗಿ ಬೀಳುತ್ತೇವೋ ಎಂದು ತಿಳಿಯದೆ ಎಳೆಯುತ್ತಿದ್ದರು ಎಂದೇ ಅರ್ಥ. ಜೊತೆಗೆ ಎರಡೂ ಅಂಚುಗಳನ್ನು ಸಿಸ್ಟಮ್ ತನ್ನದಾಗಿಸಿಕೊಂಡದ್ದರಿಂದ, ಅಂಚಿನಿಂದ ಪಟ್ಟಿ ಎಳೆಯುತ್ತಿದ್ದ ಹಳೆಯ ಆ್ಯಪ್‌ಗಳು ಅಡಕತ್ತರಿಯಲ್ಲಿ ಸಿಕ್ಕಿಕೊಂಡವು. ಇತ್ತ ಐಒಎಸ್ 26ರಲ್ಲಿ, ಸಿಸ್ಟಮ್‌ನ ವಿಧಾನವನ್ನು ಬಳಸಿದ ಆ್ಯಪ್‌ಗಳಲ್ಲಿ, ಪರದೆಯ ನಡುವಿನಿಂದಲೇ ಬಲಕ್ಕೆ ಎಳೆದು ಹಿಂದೆ ಹೋಗಬಹುದಾಗಿದೆ. ತಡವಾಯಿತು ಎನ್ನಿ, ಒಪ್ಪುತ್ತೇನೆ.

ನೋಟಿಫಿಕೇಶನ್ ವಿಷಯದಲ್ಲಿ ಮಾತ್ರ ನೀವು ಕಥೆಯ ಅರ್ಧವನ್ನು ಬಿಟ್ಟಿದ್ದೀರಿ. ಐಫೋನಿನಲ್ಲಿ 2009ರಲ್ಲಿ ಪುಶ್ ಸೂಚನೆಗಳು, ಅಂದರೆ ಆ್ಯಪ್ ತೆರೆದಿರದಿದ್ದರೂ ಬರುವ ಸೂಚನೆಗಳು, ಬಂದಾಗಿನಿಂದಲೂ ಆ್ಯಪ್ ಮೊದಲು ಅನುಮತಿ ಕೇಳಲೇಬೇಕು. ಬೇಡ ಎಂದರೆ ಮಾತು ಅಲ್ಲಿಗೆ ಮುಗಿಯಿತು. ಆಂಡ್ರಾಯ್ಡ್‌ನಲ್ಲಿ ಈ ಅನುಮತಿ ಬಂದದ್ದು 2022ರ ಆಂಡ್ರಾಯ್ಡ್ 13ರಲ್ಲಿ. ಅಲ್ಲಿಯವರೆಗೆ ಸ್ಥಾಪಿಸಿದ ಮರುಗಳಿಗೆಯಿಂದಲೇ ಪ್ರತಿ ಆ್ಯಪ್‌ಗೂ ನಮ್ಮನ್ನು ಕರೆಯುವ ಹಕ್ಕು ತಾನಾಗಿಯೇ ಇತ್ತು. ನೀವು ಹೊಗಳುವ ವಾಹಿನಿಗಳ ವಿಂಗಡಣೆಯನ್ನು ಮಾಡುವವರೂ ಆ್ಯಪ್ ಬರೆದವರೇ ಅಲ್ಲವೇ? ಜಾಹೀರಾತನ್ನೂ ಅಗತ್ಯದ ಸೂಚನೆಯನ್ನೂ ಒಂದೇ ವಾಹಿನಿಯಲ್ಲಿ ತುರುಕಿ ಅದಕ್ಕೆ 'ಸಾಮಾನ್ಯ' ಎಂದು ಹೆಸರಿಟ್ಟರೆ ನಿಮ್ಮ ಕೈಯಲ್ಲಿರುವ ಬೀಗದ ಕೈಯಿಂದ ಏನು ಪ್ರಯೋಜನ? ದಾಕ್ಷಿಣ್ಯ ಎರಡೂ ಕಡೆ ಬೇಕೇ ಬೇಕು.

ಇಷ್ಟು ಹೇಳಿದ ಮೇಲೆ ಒಂದು ಮಾತನ್ನು ಸೇರಿಸಬೇಕು. ಆ್ಯಪಲ್ ತನ್ನ ನಿಯಮಗಳಲ್ಲಿ ಪುಶ್ ಸೂಚನೆಯ ಮೂಲಕ ಜಾಹೀರಾತು ಕಳಿಸುವುದನ್ನು ಮೊದಲು ನಿಷೇಧಿಸಿತ್ತು, 2020ರಲ್ಲಿ ಬಳಕೆದಾರರ ಸ್ಪಷ್ಟ ಒಪ್ಪಿಗೆ ಇದ್ದರೆ ಕಳಿಸಬಹುದೆಂದು ಸಡಿಲಿಸಿತು. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ಕಾಗದದ ಮೇಲಿರುವುದನ್ನು ಪಾಲಿಸುತ್ತಿದ್ದಾರೆಯೇ ಎಂದು ನೋಡುವವರು ಯಾರು ಎಂಬ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ.

3. ಅರ್ಧವಿರಾಮ

ಎರಡೂ ವ್ಯವಸ್ಥೆಗಳಿಗೆ ಆ್ಯಪ್ ಬರೆಯುವ ಕೆಲಸ ಮಾಡುವುದರಿಂದ, ಕಣ್ಣಿಗೆ ಕಾಣದ ಆದರೆ ಅತಿ ಹೆಚ್ಚು ಬೈಗುಳಕ್ಕೆ ಕಾರಣವಾಗುವ ಒಂದು ಸಂಗತಿಯನ್ನು ಇಲ್ಲಿ ತರುತ್ತೇನೆ. ಅದು ಹಿನ್ನೆಲೆಯ ಕೆಲಸ. ಅಂದರೆ ಆ್ಯಪ್ ಪರದೆಯ ಮೇಲೆ ಇಲ್ಲದಿರುವಾಗ ಅದಕ್ಕೆ ಏನು ಮಾಡಲು ಬಿಡಬೇಕು ಎಂಬ ಪ್ರಶ್ನೆ.

ಐಒಎಸ್‌ನ ಉತ್ತರ ಆರಂಭದಿಂದಲೂ ಒಂದೇ: ಆದಷ್ಟು ಏನನ್ನೂ ಮಾಡಲು ಬಿಡಬಾರದು. 2010ರ ಐಒಎಸ್ 4ರಲ್ಲಿ ಸಂಗೀತ, ಇಂಟರ್ನೆಟ್ ಕರೆ, ಸ್ಥಳ ಗುರುತಿಸುವಿಕೆ ಮುಂತಾದ ಕೆಲವೇ ಬಗೆಯ ಕೆಲಸಗಳಿಗೆ ಬಾಗಿಲು ತೆರೆದರು. 2013ರ ಐಒಎಸ್ 7ರಲ್ಲಿ ಆಗಾಗ ಎದ್ದು ಹೊಸ ಮಾಹಿತಿ ತರಿಸಿಕೊಳ್ಳಲು ಅವಕಾಶ ಕೊಟ್ಟರು. ಆದರೆ ಯಾವಾಗ ಏಳಬೇಕೆಂಬುದನ್ನು ಸಿಸ್ಟಮ್ಮೇ ತೀರ್ಮಾನಿಸುತ್ತದೆ. ದೊಡ್ಡ ವಿಡಿಯೊ ಒಂದನ್ನು ಸಿದ್ಧಪಡಿಸಲು ಬಿಟ್ಟು ಬೇರೆ ಆ್ಯಪ್‌ಗೆ ಹೋದರೆ ಮರಳಿ ಬರುವಷ್ಟರಲ್ಲಿ ಕೆಲಸ ಅರ್ಧಕ್ಕೆ ನಿಂತಿರುವುದು ಇದರಿಂದಲೇ. ಬಳಕೆದಾರರು ತಾವೇ ಶುರುಮಾಡಿದ ಇಂಥ ಕೆಲಸವನ್ನು ಹಿನ್ನೆಲೆಯಲ್ಲೂ ಮುಂದುವರಿಸುವ ದಾರಿಯನ್ನು 2025ರ ಐಒಎಸ್ 26ರಲ್ಲಿ ಕೊಟ್ಟಿದ್ದಾರೆ. ಇಲ್ಲೊಂದು ಉಪಕಥೆ ಇದೆ. ಫೋನು ಹಗುರವಾಗಲಿ ಎಂದು ಅನೇಕರು ಆ್ಯಪ್‌ಗಳನ್ನು ಒಂದೊಂದಾಗಿ ಮೇಲಕ್ಕೆ ತಳ್ಳಿ ಮುಚ್ಚುತ್ತಾರೆ. ಹಾಗೆ ಮುಚ್ಚಿದ ಆ್ಯಪ್ ಅನ್ನು ಬಳಕೆದಾರರೇ ಬೇಡವೆಂದರು ಎಂದು ಐಒಎಸ್ ಭಾವಿಸಿ, ಮತ್ತೆ ನೀವಾಗಿ ತೆರೆಯುವವರೆಗೂ ಮಾಹಿತಿ ತರಿಸಿಕೊಳ್ಳಲು ಅದನ್ನು ಎಬ್ಬಿಸುವುದಿಲ್ಲ. ಆಮೇಲೆ ಮಾಹಿತಿ ಹಳೆಯದಾಗಿದೆ ಎಂದು ನಮಗೆ ದೂರು ಬರುತ್ತದೆ.

ಆಂಡ್ರಾಯ್ಡ್ ಇದಕ್ಕೆ ತೀರ ವಿರುದ್ಧವಾಗಿ ಹೊರಟಿತು. ಯಾರು ಬೇಕಾದರೂ ಹಿನ್ನೆಲೆಯಲ್ಲಿ ಓಡಬಹುದಿತ್ತು, ಓಡಿದರು, ಬ್ಯಾಟರಿ ಖಾಲಿಯಾಯಿತು. 2015ರ ಆಂಡ್ರಾಯ್ಡ್ 6ರಲ್ಲಿ, ಫೋನು ಅಲುಗಾಡದೆ ಬಿದ್ದಿದ್ದರೆ ಎಲ್ಲವನ್ನೂ ನಿದ್ದೆಗೆ ಕಳಿಸುವ ಡೋಜ್ ಎಂಬ ವ್ಯವಸ್ಥೆ ಬಂತು. ಅಲ್ಲಿಂದ ಮುಂದಿನ ಆವೃತ್ತಿಗಳು ಹಗ್ಗವನ್ನು ಬಿಗಿಗೊಳಿಸುತ್ತಲೇ ಬಂದಿವೆ. ಗೂಗಲ್ ಬರೆದ ನಿಯಮಗಳಷ್ಟೇ ಆಗಿದ್ದರೆ ಓದಿಕೊಂಡು ಪಾಲಿಸಬಹುದಿತ್ತು. ನಿಜವಾದ ಕಷ್ಟವೆಂದರೆ, ಹಲವು ತಯಾರಕರು ಅದರ ಮೇಲೆ ತಮ್ಮದೇ ಬ್ಯಾಟರಿ ಉಳಿತಾಯದ ಪದರವನ್ನು ಹೊದಿಸುತ್ತಾರೆ, ಆ ಪದರ ಯಾವ ದಾಖಲೆಯಲ್ಲೂ ಪೂರ್ತಿಯಾಗಿ ವಿವರಿಸಲ್ಪಟ್ಟಿರುವುದಿಲ್ಲ, ಒಂದೇ ಆ್ಯಪ್ ಒಂದು ಕಂಪನಿಯ ಫೋನಿನಲ್ಲಿ ಸರಿಯಾಗಿ ಓಡಿ ಇನ್ನೊಂದರಲ್ಲಿ ರಾತ್ರೋರಾತ್ರಿ ಸಾಯುತ್ತದೆ. ಯಾವ ತಯಾರಕರ ಫೋನು ಹಿನ್ನೆಲೆಯ ಆ್ಯಪ್‌ಗಳನ್ನು ಎಷ್ಟು ನಿರ್ದಯವಾಗಿ ಕೊಲ್ಲುತ್ತದೆ ಎಂದು ಪಟ್ಟಿ ಮಾಡಿ ಪರಿಹಾರ ಹೇಳಲೆಂದೇ ಒಂದು ಜಾಲತಾಣ ನಡೆಯುತ್ತಿದೆ ಎಂದರೆ ಪರಿಸ್ಥಿತಿಯನ್ನು ಊಹಿಸಿಕೊಳ್ಳಿ.

ಇದರ ಪರಿಣಾಮ ಎಲ್ಲಿ ತಟ್ಟುತ್ತದೆ ಎಂದರೆ, ಔಷಧಿಯ ಹೊತ್ತನ್ನು ನೆನಪಿಸುವ ಆ್ಯಪ್‌ಗಳಲ್ಲಿ. ಆಂಡ್ರಾಯ್ಡ್ 12ರಿಂದ ನಿಖರ ಸಮಯಕ್ಕೆ ಅಲಾರಂ ಹೊಡೆಯಲು ಬೇರೆಯೇ ಅನುಮತಿ ಬೇಕು. ಆಂಡ್ರಾಯ್ಡ್ 14ರಿಂದ ಹೊಸದಾಗಿ ಸ್ಥಾಪಿಸಿದ ಬಹುತೇಕ ಆ್ಯಪ್‌ಗಳಿಗೆ ಆ ಅನುಮತಿ ತಾನಾಗಿ ಸಿಗುವುದಿಲ್ಲ. ಐಒಎಸ್‌ನಲ್ಲಿ ಇದಕ್ಕಿಂತಲೂ ವಿಚಿತ್ರವಿತ್ತು. ಸಿಸ್ಟಮ್‌ನ ಗಡಿಯಾರ ಆ್ಯಪ್ ಬಿಟ್ಟರೆ ಉಳಿದವರಿಗೆ ನಿಜವಾದ ಅಲಾರಂ ಎಂಬುದೇ ಇರಲಿಲ್ಲ. ಅವರು ಕಳಿಸುತ್ತಿದ್ದುದು ಬರಿಯ ಸೂಚನೆ, ಫೋನು ನಿಶ್ಶಬ್ದದಲ್ಲಿದ್ದರೆ ಅದೂ ನಿಶ್ಶಬ್ದ. 2018ರಿಂದ ನಿಶ್ಶಬ್ದವನ್ನು ಮೀರುವ ತುರ್ತು ಸೂಚನೆ ಎಂಬ ವರ್ಗ ಇದೆಯಾದರೂ ಅದಕ್ಕೆ ಆ್ಯಪಲ್‌ನಿಂದ ವಿಶೇಷ ಒಪ್ಪಿಗೆ ಪಡೆಯಬೇಕು. ಐಒಎಸ್ 26ರ ಅಲಾರಂಕಿಟ್ ಬಂದ ಮೇಲಷ್ಟೇ ಇತರರ ಆ್ಯಪ್‌ಗಳೂ ನಿಶ್ಶಬ್ದವನ್ನು ಮೀರಿ ಕೂಗಬಹುದಾಯಿತು. ಎರಡು ವ್ಯವಸ್ಥೆಗಳೂ ಎದುರುಬದುರು ದಿಕ್ಕಿನಿಂದ ನಡೆದು ಒಂದೇ ಜಾಗಕ್ಕೆ ಬರುತ್ತಿವೆ ಎಂದು ಕೆಲವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ: ಐಒಎಸ್‌ನಲ್ಲಿ ಆಗುವುದಿಲ್ಲ ಎಂದರೆ ಎಲ್ಲ ಫೋನುಗಳಲ್ಲೂ ಆಗುವುದಿಲ್ಲ, ಆಂಡ್ರಾಯ್ಡ್‌ನಲ್ಲಿ ಆಗುತ್ತದೆ ಎಂದರೆ ಯಾವ ಫೋನಿನಲ್ಲಿ ಎಂದು ಮರುಪ್ರಶ್ನೆ ಹಾಕಬೇಕು. ಮೊದಲನೆಯದು ಸಿಟ್ಟು ತರಿಸುತ್ತದೆ. ಎರಡನೆಯದು ನಿದ್ದೆ ಕೆಡಿಸುತ್ತದೆ.

4. ಪ್ರಶ್ನಾರ್ಥಕ

ಅಲಾರಂ ಮಾತು ಬಂದದ್ದರಿಂದ ಕೇಳುತ್ತಿದ್ದೇನೆ. ಆಂಡ್ರಾಯ್ಡ್‌ನಲ್ಲಿ ಅಲಾರಂಗೆ, ಕರೆಯ ಗಂಟೆಗೆ, ಹಾಡಿಗೆ ಬೇರೆ ಬೇರೆ ಧ್ವನಿಮಟ್ಟಗಳಿವೆ. ಐಫೋನಿನಲ್ಲಿ ಕರೆಯ ಗಂಟೆಯನ್ನು ತಗ್ಗಿಸಿದರೆ ಅಲಾರಂ ಕೂಡ ತಗ್ಗುತ್ತದೆ ಎಂದು ಓದಿದೆ. ಇದು ಹೌದೇ?

5. ನಿಧಾನಪ್ರಿಯ

ಹೌದು, ಐಫೋನಿನಲ್ಲಿ ಅಲಾರಂನ ಧ್ವನಿ ಕರೆಯ ಗಂಟೆಗೆ ಕಟ್ಟಿಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ಬಟನ್‌ಗಳಿಂದ ಬದಲಾಯಿಸುವ ಆಯ್ಕೆಯನ್ನು ಮುಚ್ಚಿಟ್ಟರೆ, ಬದಿಯ ಬಟನ್ ಒತ್ತಿದಾಗ ಹಾಡಿನ ಧ್ವನಿ ಮಾತ್ರ ಬದಲಾಗುತ್ತದೆ, ಗಂಟೆಯ ಮಟ್ಟ ಅಲುಗುವುದಿಲ್ಲ. ಬೆಳಗ್ಗೆ ಏಳಬೇಕಾದವರು ಮೊದಲು ಮಾಡಬೇಕಾದ ಕೆಲಸವಿದು.

ಅರ್ಧವಿರಾಮ ಅವರ ವಿವರಣೆ ನನ್ನ ಮುಂದಿನ ಆಕ್ಷೇಪಕ್ಕೆ ದಾರಿ ಮಾಡಿಕೊಟ್ಟಿತು: ಫೋನಿನಲ್ಲಿರುವ ಕಡತಗಳು ಯಾರವು? ಐಫೋನಿಗೆ ಕಡತಗಳ ಆ್ಯಪ್ ಎಂಬುದು ಬಂದದ್ದೇ 2017ರ ಐಒಎಸ್ 11ರಲ್ಲಿ, ಅಂದರೆ ಫೋನು ಮಾರುಕಟ್ಟೆಗೆ ಬಂದು ಹತ್ತು ವರ್ಷ ತುಂಬಿದ ಮೇಲೆ. ಇಂದಿಗೂ ಪ್ರತಿ ಆ್ಯಪ್ ತನ್ನ ಕೋಣೆಯೊಳಗೇ ಇರುತ್ತದೆ; ಅದು ತೋರಿಸಲು ಒಪ್ಪಿದ್ದನ್ನು ಮಾತ್ರ ನಾವು ಹೊರಗಿನಿಂದ ನೋಡಬಹುದು. ಭದ್ರತೆಯ ದೃಷ್ಟಿಯಿಂದ ಇದರಲ್ಲಿ ಅರ್ಥವಿದೆ. ಆಂಡ್ರಾಯ್ಡ್ ಕೂಡ 2020ರ ಹನ್ನೊಂದನೆಯ ಆವೃತ್ತಿಯಲ್ಲಿ ಇದೇ ದಿಕ್ಕಿಗೆ ತಿರುಗಿ, ಒಂದು ಆ್ಯಪ್‌ನ ಖಾಸಗಿ ಫೋಲ್ಡರ್ ಇನ್ನೊಂದಕ್ಕೆ ಕಾಣದಂತೆ ಮಾಡಿತು. ಆದರೆ ಜಾಗ ತುಂಬಿದಾಗ ಏನು ಮಾಡಬೇಕು ಎಂಬಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಆಂಡ್ರಾಯ್ಡ್‌ನಲ್ಲಿ ಯಾವುದೇ ಆ್ಯಪ್‌ನ ವಿವರಕ್ಕೆ ಹೋದರೆ ಅದು ಕೂಡಿಹಾಕಿದ ತಾತ್ಕಾಲಿಕ ಮಾಹಿತಿಯನ್ನು, ಅಂದರೆ ಕ್ಯಾಶೆಯನ್ನು, ಒಂದೇ ಒತ್ತಿನಲ್ಲಿ ಅಳಿಸಬಹುದು. ಐಒಎಸ್‌ನಲ್ಲಿ ಆ ಬಟನ್ ಇಲ್ಲ. ಆ್ಯಪ್ ಅನ್ನು ತೆಗೆದು ಅದರ ಮಾಹಿತಿಯನ್ನು ಉಳಿಸಿಕೊಳ್ಳುವ ಆಯ್ಕೆ ಇದೆ, ಎರಡನ್ನೂ ಒಟ್ಟಿಗೆ ತೆಗೆಯುವ ಆಯ್ಕೆ ಇದೆ. ಆ್ಯಪ್ ಉಳಿದು ಕಸ ಮಾತ್ರ ಹೋಗಬೇಕೆಂದರೆ ಆ್ಯಪ್ ಬರೆದವರು ಒಳಗೆಲ್ಲಾದರೂ ಅವಕಾಶ ಇಟ್ಟಿರಬೇಕು.

ಸಂಗ್ರಹದ ಪಟ್ಟಿಯ ಕೊನೆಯಲ್ಲಿ 'ಸಿಸ್ಟಮ್ ಡೇಟಾ' ಎಂಬ ಬೂದುಬಣ್ಣದ ಪಟ್ಟಿಯೊಂದು ಇರುತ್ತದೆ. ಅದರಲ್ಲಿ ಏನಿದೆ ಎಂದು ತೆರೆದು ನೋಡಲಾಗದು, ಅದನ್ನು ಕಡಿಮೆ ಮಾಡಲು ಬಟನ್ ಇಲ್ಲ. ಹಿಂದೆ ಅದರ ಹೆಸರು 'ಇತರೆ' ಎಂದಿತ್ತು. ಹೆಸರು ಬದಲಾಯಿತೇ ಹೊರತು ಗುಟ್ಟು ಬದಲಾಗಲಿಲ್ಲ. ನನ್ನದೇ ಸಾಧನದ ಜಾಗವನ್ನು ಏನು ತುಂಬಿದೆ ಎಂದು ನನಗೆ ಹೇಳದಿರುವುದು ಸರಳತೆಯೂ ಅಲ್ಲ, ಭದ್ರತೆಯೂ ಅಲ್ಲ.

6. ಕಟ್ಟಳೆ

ಇಲ್ಲಿಯವರೆಗೆ ಹೇಳಿದವುಗಳಲ್ಲಿ ಕೆಲವು ತಾಂತ್ರಿಕ ಮಿತಿಗಳು, ಕೆಲವು ವಿನ್ಯಾಸದ ಅಭಿರುಚಿಗಳು. ಮೂರನೆಯ ಬಗೆಯೊಂದಿದೆ, ಅಲ್ಲಿ ಮಿತಿಗೆ ಕಾರಣ ವ್ಯಾಪಾರ. ಅದನ್ನು ಉಳಿದವುಗಳ ಜೊತೆ ಬೆರೆಸಬಾರದು.

ಬ್ರೌಸರ್ ಇದಕ್ಕೆ ಸ್ಪಷ್ಟ ಉದಾಹರಣೆ. ಐಫೋನಿನಲ್ಲಿ ಕ್ರೋಮ್ ಅಥವಾ ಫೈರ್‌ಫಾಕ್ಸ್ ಹಾಕಿಕೊಂಡವರು ತಾವು ಆ್ಯಪಲ್‌ನ ಬ್ರೌಸರ್ ಆದ ಸಫಾರಿಯಿಂದ ಬೇರೆಯಾದೆವು ಎಂದುಕೊಳ್ಳುತ್ತಾರೆ. ಪುಟವನ್ನು ಓದಿ ಚಿತ್ರಿಸುವ ಒಳಯಂತ್ರ ಮಾತ್ರ ಎಲ್ಲದರಲ್ಲೂ ಆ್ಯಪಲ್‌ನ ವೆಬ್‌ಕಿಟ್ಟೇ, ಏಕೆಂದರೆ ಬೇರೆಯದನ್ನು ಬಳಸಲು ನಿಯಮ ಬಿಡುತ್ತಿರಲಿಲ್ಲ. ಪೂರ್ವನಿಯೋಜಿತ ಬ್ರೌಸರನ್ನು ಬದಲಾಯಿಸುವ ಅವಕಾಶವೇ 2020ರ ಐಒಎಸ್ 14ರವರೆಗೆ ಇರಲಿಲ್ಲ. ಬಂದ ಹೊಸತರಲ್ಲಿ ಫೋನನ್ನು ಮರುಚಾಲನೆ ಮಾಡಿದರೆ ಆಯ್ಕೆ ತಾನಾಗಿ ಸಫಾರಿಗೆ ಮರಳುತ್ತಿತ್ತು, ಆಮೇಲೆ ಅದನ್ನು ಸರಿಪಡಿಸಿದರು. ಯುರೋಪ್ ಒಕ್ಕೂಟದ ಡಿಜಿಟಲ್ ಮಾರುಕಟ್ಟೆ ಕಾಯ್ದೆಯ ಒತ್ತಡದಿಂದ 2024ರ ಮಾರ್ಚ್‌ನ ಐಒಎಸ್ 17.4ರಲ್ಲಿ ಅಲ್ಲಿನ ಬಳಕೆದಾರರಿಗೆ ಬೇರೆ ಒಳಯಂತ್ರಗಳಿಗೂ ಬೇರೆ ಆ್ಯಪ್ ಅಂಗಡಿಗಳಿಗೂ ಅವಕಾಶ ಸಿಕ್ಕಿತು. ಅಂದರೆ ತಾಂತ್ರಿಕವಾಗಿ ಇದು ಸಾಧ್ಯವೇ ಇತ್ತು. ಭದ್ರತೆಗಾಗಿ ಆಗದು ಎಂದು ವರ್ಷಗಟ್ಟಲೆ ಹೇಳಿದ್ದನ್ನು ಕಾನೂನು ಬಂದೊಡನೆ ಆ ಭೂಪ್ರದೇಶಕ್ಕೆ ಮಾತ್ರ ಆಗಮಾಡಿದರೆ, ಮೊದಲಿನ ಕಾರಣವನ್ನು ನಾವು ಎಷ್ಟು ನಂಬಬೇಕು?

ಆದರೂ ಆಂಡ್ರಾಯ್ಡ್ ಮುಕ್ತ, ಐಒಎಸ್ ಬಂಧಿತ ಎಂಬ ಸರಳ ಗೆರೆಯನ್ನು ನಾನು ಒಪ್ಪುವುದಿಲ್ಲ. ಆಟಗಳನ್ನು ತಯಾರಿಸುವ ಎಪಿಕ್ ಗೇಮ್ಸ್ ಸಂಸ್ಥೆ, ಆ್ಯಪ್‌ನೊಳಗಿನ ಪಾವತಿಗಳ ಮೇಲೆ ಆ್ಯಪ್ ಅಂಗಡಿಗಳು ಹಿಡಿಯುತ್ತಿದ್ದ ಶೇ. 30ರ ಕಮಿಷನ್ ವಿರೋಧಿಸಿ, 2020ರ ಆಗಸ್ಟ್‌ನಲ್ಲಿ ಆ್ಯಪಲ್ ಮತ್ತು ಗೂಗಲ್ ಇಬ್ಬರ ಮೇಲೂ ಅಮೆರಿಕದಲ್ಲಿ ಮೊಕದ್ದಮೆ ಹೂಡಿತು. ಆ್ಯಪಲ್ ವಿರುದ್ಧದ ಮೊಕದ್ದಮೆಯ 2021ರ ತೀರ್ಪು ಬಹುಪಾಲು ಆ್ಯಪಲ್ ಪರವಾಗಿಯೇ ಬಂತು. ಹೊರಗಿನ ಪಾವತಿಯ ಕೊಂಡಿಗಳನ್ನು ತಡೆಯಬಾರದೆಂಬ ಆದೇಶ ಮಾತ್ರ ಅದರ ವಿರುದ್ಧವಿತ್ತು, ಅದನ್ನು ಸರಿಯಾಗಿ ಪಾಲಿಸಲಿಲ್ಲವೆಂದು 2025ರ ಏಪ್ರಿಲ್‌ನಲ್ಲಿ ಅದೇ ನ್ಯಾಯಾಧೀಶರು ಕಟುವಾಗಿ ಖಂಡಿಸಿದರು. ಗೂಗಲ್ ವಿರುದ್ಧದ ಮೊಕದ್ದಮೆಯಲ್ಲಾದರೋ 2023ರ ಡಿಸೆಂಬರ್‌ನಲ್ಲಿ ಜ್ಯೂರಿ ಪೂರ್ತಿಯಾಗಿ ಎಪಿಕ್ ಪರ ನಿಂತಿತು. ಎಲ್ಲ ಬಾಗಿಲುಗಳನ್ನೂ ಬಹಿರಂಗವಾಗಿ ಮುಚ್ಚಿದವರು ಹೆಚ್ಚುಕಡಿಮೆ ಪಾರಾದರು. ಬಾಗಿಲು ತೆರೆದಿದೆ ಎನ್ನುತ್ತಲೇ ತಯಾರಕರೊಂದಿಗೆ, ಆ್ಯಪ್ ಬರೆಯುವವರೊಂದಿಗೆ ಒಪ್ಪಂದಗಳನ್ನು ಹೆಣೆದವರು ಸೋತರು.

ಈಗ ಆ ಬಾಗಿಲಿನ ಬಗ್ಗೆಯೂ ಹೊಸ ಸುದ್ದಿ ಇದೆ. ಗೂಗಲ್ ಪ್ರಮಾಣೀಕರಿಸಿದ ಆಂಡ್ರಾಯ್ಡ್ ಫೋನುಗಳಲ್ಲಿ, ಪ್ಲೇ ಸ್ಟೋರ್‌ನ ಹೊರಗಿನಿಂದ ಹಾಕಿಕೊಳ್ಳುವ ಆ್ಯಪ್‌ಗಳ ಕರ್ತೃಗಳೂ ತಮ್ಮ ಗುರುತನ್ನು ಗೂಗಲ್ ಬಳಿ ದೃಢಪಡಿಸಬೇಕೆಂಬ ನಿಯಮವನ್ನು 2025ರ ಆಗಸ್ಟ್‌ನಲ್ಲಿ ಪ್ರಕಟಿಸಲಾಯಿತು. 2026ರ ಸೆಪ್ಟೆಂಬರ್‌ನಲ್ಲಿ ಬ್ರೆಜಿಲ್, ಇಂಡೊನೇಷ್ಯಾ, ಸಿಂಗಪುರ, ಥಾಯ್ಲೆಂಡ್‌ಗಳಿಂದ ಆರಂಭ ಎಂದು ಅದರಲ್ಲಿ ಹೇಳಲಾಗಿತ್ತು. ಟೀಕೆ ಹೆಚ್ಚಾದ ಮೇಲೆ, ಅಪಾಯ ಅರಿತು ಮುಂದುವರಿಯಲು ಬಯಸುವ ಅನುಭವಿಗಳಿಗೆ ಬೇರೊಂದು ದಾರಿ ಇಡುವುದಾಗಿ ಗೂಗಲ್ ತಿಳಿಸಿತು. ಆಂಡ್ರಾಯ್ಡ್‌ನ ಸ್ವಾತಂತ್ರ್ಯವನ್ನು ಮುಂದಿಟ್ಟು ವಾದಿಸುವವರು ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

7. ಹಳೇಫೋನು

ಕಟ್ಟಳೆ ಅವರ ಮಾತು ಸರಿಯೇ ಇರಬಹುದು, ಆದರೆ ಫೋನು ಕೊಂಡ ನಾಲ್ಕನೆಯ ವರ್ಷಕ್ಕೆ ಭದ್ರತಾ ಅಪ್‌ಡೇಟ್ ನಿಂತುಹೋದರೆ ಯಾವ ಅಂಗಡಿಯಿಂದ ಆ್ಯಪ್ ಹಾಕಿಕೊಂಡರೇನು? ನನ್ನ ಮಟ್ಟಿಗೆ ಆಂಡ್ರಾಯ್ಡ್‌ನ ಬಹುದೊಡ್ಡ ಕೊರತೆ ಇದೇ ಆಗಿತ್ತು. 2013ರಲ್ಲಿ ಬಂದ ಐಫೋನ್ 5ಎಸ್‌ಗೆ 2023ರ ಜನವರಿಯಲ್ಲಿ ಐಒಎಸ್ 12.5.7 ಎಂಬ ಭದ್ರತಾ ಅಪ್‌ಡೇಟ್ ಬಂತು. ಅದೇ ಕಾಲದ ಆಂಡ್ರಾಯ್ಡ್ ಫೋನುಗಳಿಗೆ ಎರಡು ವರ್ಷ ಅಪ್‌ಡೇಟ್ ಸಿಕ್ಕಿದ್ದರೆ ಅದು ಪುಣ್ಯ.

ಇದಕ್ಕೆ ಕಾರಣ ಗೂಗಲ್‌ನ ಸೋಮಾರಿತನವೇನೂ ಅಲ್ಲ. ಹೊಸ ಆವೃತ್ತಿ ಗೂಗಲ್‌ನಿಂದ ಹೊರಟ ಮೇಲೆ ಚಿಪ್ ತಯಾರಕರು ಅದನ್ನು ತಮ್ಮ ಚಿಪ್‌ಗೆ ಹೊಂದಿಸಬೇಕು, ಫೋನು ತಯಾರಕರು ಅದರ ಮೇಲೆ ತಮ್ಮ ಅಲಂಕಾರ ಹೊದಿಸಬೇಕು, ಕೆಲವೆಡೆ ಮೊಬೈಲ್ ಸೇವೆಯ ಕಂಪನಿಯೂ ಪರೀಕ್ಷಿಸಬೇಕು; ಈ ಸರಪಳಿಯಲ್ಲಿ ಯಾರೊಬ್ಬರು ಕೈಚೆಲ್ಲಿದರೂ ಬಳಕೆದಾರರಿಗೆ ಏನೂ ತಲುಪುವುದಿಲ್ಲ. ಗೂಗಲ್‌ನ 2017ರ ಪ್ರಾಜೆಕ್ಟ್ ಟ್ರೆಬಲ್ ಎಂಬ ಯೋಜನೆ ಚಿಪ್‌ಗೆ ಸಂಬಂಧಿಸಿದ ಭಾಗವನ್ನು ಉಳಿದದ್ದರಿಂದ ಬೇರ್ಪಡಿಸಿತು. 2019ರ ಮೇನ್‌ಲೈನ್ ಎಂಬ ಯೋಜನೆ ಸಿಸ್ಟಮ್‌ನ ಕೆಲವು ಮುಖ್ಯ ತುಣುಕುಗಳನ್ನು ಪ್ಲೇ ಸ್ಟೋರ್ ಮೂಲಕವೇ ನವೀಕರಿಸುವಂತೆ ಮಾಡಿತು. ಅದರ ಫಲ ನಿಧಾನವಾಗಿ ಕಾಣುತ್ತಿದೆ. ಗೂಗಲ್‌ನ 2023ರ ಪಿಕ್ಸೆಲ್ 8 ಹಾಗೂ ಸ್ಯಾಮ್‌ಸಂಗ್‌ನ 2024ರ ಗ್ಯಾಲಕ್ಸಿ ಎಸ್24 ಸರಣಿಗಳಿಗೆ ಏಳು ವರ್ಷಗಳ ಅಪ್‌ಡೇಟ್‌ನ ಭರವಸೆ ಕೊಟ್ಟಿದ್ದಾರೆ. ಅಗ್ಗದ ಮಾದರಿಗಳ ಸ್ಥಿತಿ ಬೇರೆ. ಕೊಳ್ಳುವ ಮುನ್ನ ಎಷ್ಟು ವರ್ಷ ಎಂದು ತಯಾರಕರ ಪುಟದಲ್ಲಿ ನೋಡದೆ ಕೊಳ್ಳಬಾರದು.

ಐಫೋನ್ ಬಳಗದವರು ಇದನ್ನು ಓದಿ ಬೀಗುವ ಮುನ್ನ 2017ನ್ನು ನೆನಪಿಸಿಕೊಳ್ಳಲಿ. ಬ್ಯಾಟರಿ ಹಳತಾದ ಐಫೋನುಗಳ ವೇಗವನ್ನು ಐಒಎಸ್ 10.2.1ರ ಅಪ್‌ಡೇಟ್ ತಗ್ಗಿಸಿತ್ತು ಎಂಬುದು ಆ ವರ್ಷದ ಡಿಸೆಂಬರ್‌ನಲ್ಲಿ ಬಯಲಾಯಿತು. ಫೋನು ಇದ್ದಕ್ಕಿದ್ದಂತೆ ಆರಿಹೋಗದಿರಲಿ ಎಂಬ ಉದ್ದೇಶ ತಾಂತ್ರಿಕವಾಗಿ ಸರಿ, ಹೇಳದೆ ಮಾಡಿದ್ದು ತಪ್ಪು. ಫ್ರಾನ್ಸಿನ ಗ್ರಾಹಕ ಸಂರಕ್ಷಣಾ ಸಂಸ್ಥೆ 2020ರಲ್ಲಿ ಇದಕ್ಕಾಗಿಯೇ 2.5 ಕೋಟಿ ಯೂರೊ ದಂಡ ವಿಧಿಸಿತು. ನಿಧಾನಪ್ರಿಯ ಅವರ 'ಸಿಸ್ಟಮ್ ಡೇಟಾ' ದೂರಿಗೂ ಇದಕ್ಕೂ ಬೇರು ಒಂದೇ: ನಿಮಗೇಕೆ ಆ ತಲೆನೋವು, ನಾವು ನೋಡಿಕೊಳ್ಳುತ್ತೇವೆ ಎನ್ನುವ ಧೋರಣೆ. ಬ್ಯಾಟರಿಯ ಸ್ಥಿತಿಯನ್ನು ತೋರಿಸುವ ಪುಟ ಐಒಎಸ್ 11.3ರಲ್ಲಿ ಬಂದದ್ದು ಈ ಗಲಾಟೆಯ ನಂತರವೇ.

8. ಸಂಜೆಮಲ್ಲಿಗೆ

ಆ ಧೋರಣೆಗೆ ನಾನೇ ಒಂದು ಉದಾಹರಣೆ ಕೊಡುತ್ತೇನೆ. ಐಒಎಸ್ 11ರಿಂದ ನಿಯಂತ್ರಣ ಫಲಕದಲ್ಲಿ ವೈಫೈ ಬಟನ್ ಒತ್ತಿದರೆ ವೈಫೈ ಆರುವುದಿಲ್ಲ. ಸದ್ಯದ ಸಂಪರ್ಕ ಕಡಿಯುತ್ತದೆ ಅಷ್ಟೇ. ಸ್ಥಳೀಯ ಸಮಯ ಬೆಳಗಿನ ಐದಕ್ಕೆ ಅದು ತಾನಾಗಿ ಮತ್ತೆ ಜೋಡಿಕೊಳ್ಳುತ್ತದೆ. ನಿಜವಾಗಿ ಆರಿಸಬೇಕೆಂದರೆ ಸೆಟ್ಟಿಂಗ್ಸ್‌ಗೇ ಹೋಗಬೇಕು. ಇದನ್ನು ಸಮರ್ಥಿಸಲು ನನ್ನಿಂದಾಗದು. ಆದರೆ ಆಂಡ್ರಾಯ್ಡ್ ಕೂಡ 2021ರ ಹನ್ನೆರಡನೆಯ ಆವೃತ್ತಿಯಲ್ಲಿ ವೈಫೈ ಮತ್ತು ಮೊಬೈಲ್ ಡೇಟಾ ಎರಡನ್ನೂ 'ಇಂಟರ್ನೆಟ್' ಎಂಬ ಒಂದೇ ಬಟನ್‌ನೊಳಗೆ ಅಡಗಿಸಿ, ಒಂದು ಒತ್ತಿನಲ್ಲಿ ಆಗುತ್ತಿದ್ದ ಕೆಲಸವನ್ನು ಎರಡು ಒತ್ತಿನದನ್ನಾಗಿ ಮಾಡಿತಲ್ಲ! ಚೆನ್ನಾಗಿದ್ದುದನ್ನು ಕೆಡಿಸುವ ವಿಷಯದಲ್ಲಿ ಇಬ್ಬರಲ್ಲೂ ಪೈಪೋಟಿ ಇದೆ.

9. ಕಿವಿಗೊಟ್ಟವ

ಪರದೆಯನ್ನು ಕಣ್ಣಿನಿಂದಲ್ಲದೆ ಕಿವಿಯಿಂದ ಓದುವವನಾಗಿ ಈ ಚರ್ಚೆಯನ್ನು ಓದುತ್ತಿದ್ದೇನೆ, ಅಥವಾ ಕೇಳುತ್ತಿದ್ದೇನೆ. ಮೇಲಿನ ಮೂಲೆ ಎಟುಕುವುದಿಲ್ಲ ಎಂಬ ನಿಧಾನಪ್ರಿಯ ಅವರ ಆಕ್ಷೇಪ ನಮಗೆ ಅನ್ವಯಿಸುವುದೇ ಇಲ್ಲ: ಪರದೆಯನ್ನು ಓದಿ ಹೇಳುವ ಐಫೋನಿನ ವಾಯ್ಸ್‌ಓವರ್ ಚಾಲನೆಯಲ್ಲಿದ್ದಾಗ ಎರಡು ಬೆರಳುಗಳನ್ನು ಪರದೆಯ ಮೇಲೆ ಎಲ್ಲಿ ಬೇಕಾದರೂ ಇಟ್ಟು ಝಡ್ ಆಕಾರದಲ್ಲಿ ಉಜ್ಜಿದರೆ ಹಿಂದಕ್ಕೆ ಹೋಗಬಹುದು. ಎಲ್ಲರಿಗೂ ಇಂಥದ್ದೊಂದನ್ನು ಕೊಟ್ಟಿದ್ದರೆ ಈ ಚರ್ಚೆಯ ಮೊದಲ ಭಾಗವೇ ಬೇಕಿರಲಿಲ್ಲ.

ಹೋಲಿಕೆಯ ವಿಷಯಕ್ಕೆ ಬಂದರೆ, 2009ರಲ್ಲಿ ಐಫೋನ್ 3ಜಿಎಸ್ ಜೊತೆ ವಾಯ್ಸ್‌ಓವರ್ ಬಂದಾಗಲೇ, ಬೆರಳಿನ ಕೆಳಗೆ ಏನಿದೆಯೋ ಅದನ್ನು ಓದಿ ಹೇಳುತ್ತಿತ್ತು. ಆಂಡ್ರಾಯ್ಡ್‌ನ ಟಾಕ್‌ಬ್ಯಾಕ್ ಕೂಡ ಅದೇ ವರ್ಷ ಬಂತಾದರೂ ಪರದೆಯನ್ನು ಸವರಿ ತಿಳಿಯುವ ಸೌಲಭ್ಯ 2011ರ ಆಂಡ್ರಾಯ್ಡ್ 4.0ರವರೆಗೆ ಇರಲಿಲ್ಲ, ಹಲವು ಬೆರಳುಗಳ ಸನ್ನೆಗಳು ಬಂದದ್ದು 2021ರಲ್ಲಿ. ಇಂದು ಅಂತರ ಬಹಳ ಕಡಿಮೆಯಾಗಿದೆ. ಆದರೂ ಅರ್ಧವಿರಾಮ ಅವರು ಹೇಳಿದ 'ಯಾವ ಫೋನಿನಲ್ಲಿ' ಎಂಬ ಮರುಪ್ರಶ್ನೆ ಇಲ್ಲೂ ಕಾಡುತ್ತದೆ. ತಯಾರಕರ ಅಲಂಕಾರದ ಪದರದಲ್ಲಿ ಹೆಸರು ಕೊಡದ ಬಟನ್‌ಗಳು ಸಿಕ್ಕಾಗ ಓದುವ ತಂತ್ರಾಂಶ 'ಬಟನ್, ಬಟನ್, ಬಟನ್' ಎಂದಷ್ಟೇ ಹೇಳುತ್ತಾ ಹೋಗುತ್ತದೆ.

ಮಂದದೃಷ್ಟಿಯ ಗೆಳೆಯರ ದೂರು ಬೇರೆ. 2025ರ ಸೆಪ್ಟೆಂಬರ್‌ನಲ್ಲಿ ಐಒಎಸ್ 26ರ ಜೊತೆ ಬಂದ ಲಿಕ್ವಿಡ್ ಗ್ಲಾಸ್ ವಿನ್ಯಾಸದಲ್ಲಿ ಬಟನ್‌ಗಳು ಗಾಜಿನಂತೆ ಪಾರದರ್ಶಕವಾಗಿ, ಹಿಂದಿನ ಚಿತ್ರದ ಬಣ್ಣಗಳು ಅಕ್ಷರಗಳ ಮೇಲೆ ಹರಿಯುತ್ತವೆ. ಐಒಎಸ್ 26.1ರಲ್ಲಿ ಗಾಜನ್ನು ಸ್ವಲ್ಪ ಮಸುಕಾಗಿಸುವ ಆಯ್ಕೆ ಕೊಟ್ಟರು. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿ ವಿಭಾಗದಲ್ಲಿ ಪಾರದರ್ಶಕತೆಯನ್ನು ತಗ್ಗಿಸುವ, ವರ್ಣವ್ಯತ್ಯಾಸವನ್ನು ಹೆಚ್ಚಿಸುವ ಆಯ್ಕೆಗಳು ಮೊದಲಿನಿಂದಲೂ ಇವೆ. ಕಣ್ಣು ಚೆನ್ನಾಗಿರುವವರೂ ಒಮ್ಮೆ ಅವನ್ನು ಹಾಕಿ ನೋಡಬಹುದು.

10. ಪ್ರಶ್ನಾರ್ಥಕ

ಇಷ್ಟೆಲ್ಲ ಓದಿದ ಮೇಲೂ ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋಗುವ ನನ್ನ ನಿರ್ಧಾರ ಬದಲಾಗಿಲ್ಲ. ಅಪ್‌ಡೇಟ್ ವಿಷಯದಲ್ಲಿ ಹಳೇಫೋನು ಅವರು ಹೇಳಿದ್ದೇ ನನಗೆ ಮುಖ್ಯ. ದಾಟುವಾಗ ಏನೇನು ಕಳೆದುಹೋಗುತ್ತದೆ ಎಂದು ತಿಳಿದವರು ದಯವಿಟ್ಟು ಹೇಳಿ. ವಾಟ್ಸ್‌ಆ್ಯಪ್ ಮಾತುಕತೆಗಳ ಬಗ್ಗೆ ವಿಶೇಷವಾಗಿ ಚಿಂತೆಯಿದೆ.

11. ಅರ್ಧವಿರಾಮ

ಎರಡು ವ್ಯವಸ್ಥೆಗಳ ನಡುವಿನ ನಿಜವಾದ ಗೋಡೆ ಕಾಣುವುದು ಇಲ್ಲಿಯೇ. ಸಂಪರ್ಕಗಳು, ಚಿತ್ರಗಳು, ಸಂದೇಶಗಳು, ಕ್ಯಾಲೆಂಡರ್ ಇವನ್ನು ಆ್ಯಪಲ್ ಕೊಡುವ 'ಮೂವ್ ಟು ಐಒಎಸ್' ಎಂಬ ಆ್ಯಪ್ ಸಾಗಿಸುತ್ತದೆ. ಅದನ್ನು ಹಳೆಯ ಫೋನಿನಲ್ಲಿ ಹಾಕಿ, ಹೊಸ ಐಫೋನನ್ನು ಮೊದಲ ಬಾರಿಗೆ ಸಜ್ಜುಗೊಳಿಸುವ ಹಂತದಲ್ಲೇ ಜೋಡಿಸಬೇಕು.

ವಾಟ್ಸ್‌ಆ್ಯಪ್ ಮಾತುಕತೆಗಳೂ 2022ರಿಂದ ಇದೇ ದಾರಿಯಲ್ಲಿ ಬರುತ್ತವೆ. ಗೂಗಲ್ ಡ್ರೈವ್‌ನಲ್ಲಿ ಬ್ಯಾಕಪ್ ಇದೆ, ಆಮೇಲೆ ಇಳಿಸಿಕೊಂಡರಾಯಿತು ಎಂದು ಬಹಳ ಜನ ನೆಮ್ಮದಿಯಿಂದ ಇರುತ್ತಾರೆ. ಡ್ರೈವ್‌ನ ಆ ಬ್ಯಾಕಪ್ ಐಫೋನಿನಲ್ಲಿ ತೆರೆಯುವುದಿಲ್ಲ, ಆ್ಯಪಲ್‌ನ ಐಕ್ಲೌಡ್‌ನಲ್ಲಿರುವ ಬ್ಯಾಕಪ್ ಆಂಡ್ರಾಯ್ಡ್‌ನಲ್ಲಿ ತೆರೆಯುವುದಿಲ್ಲ. ಆದ್ದರಿಂದ ಹೊಸ ಫೋನಿನಲ್ಲಿ ಹಳೆಯ ಮಾತುಕತೆಗಳು ಕಣ್ಣಿಗೆ ಬೀಳುವವರೆಗೂ ಹಳೆಯದನ್ನು ಅಳಿಸಬೇಡಿ, ಯಾರಿಗೂ ಕೊಡಲೂಬೇಡಿ. ಎರಡೂ ಕಡೆ ಫೋನ್ ನಂಬರ್ ಒಂದೇ ಇರಬೇಕು.

ಎರಡು ಹಂತದ ದೃಢೀಕರಣದ ಸಂಕೇತಗಳನ್ನು ಕೊಡುವ ಆ್ಯಪ್ ಬಳಸುತ್ತಿದ್ದರೆ ಅದನ್ನು ಮೊದಲು ಸಾಗಿಸಿ. ಹಳೆಯ ಫೋನು ಕೈತಪ್ಪಿದ ಮೇಲೆ ಖಾತೆಗಳೊಳಗೆ ಹೋಗಲು ಪರದಾಡಬೇಕಾಗುತ್ತದೆ. ಪ್ಲೇ ಸ್ಟೋರ್‌ನಲ್ಲಿ ಹಣ ಕೊಟ್ಟು ಕೊಂಡ ಆ್ಯಪ್‌ಗಳು ಬರುವುದಿಲ್ಲ, ಐಫೋನಿನಲ್ಲಿ ಅವನ್ನು ಮತ್ತೆ ಕೊಳ್ಳಬೇಕು. ಚಂದಾ ಕಟ್ಟಿದ ಸೇವೆಗಳ ವಿಷಯದಲ್ಲಿ ಹೆಚ್ಚಿನವರು ಎಡವುವುದು ಇಲ್ಲಿ: ಸೇವೆಯ ಖಾತೆ ಹೊಸ ಫೋನಿನಲ್ಲೂ ನಡೆಯುತ್ತದೆ, ಹಣ ಮಾತ್ರ ಹಳೆಯ ಅಂಗಡಿಯ ಮೂಲಕವೇ ಕಡಿತವಾಗುತ್ತಿರುತ್ತದೆ. ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಬೇಡವಾದವುಗಳನ್ನು ಪ್ಲೇ ಸ್ಟೋರ್‌ನ ಚಂದಾ ಪಟ್ಟಿಗೆ ಹೋಗಿ ಒಂದೊಂದಾಗಿ ರದ್ದುಮಾಡಿ; ಹಳೆಯ ಫೋನು ಹೋಗಿದ್ದರೂ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಅದೇ ಗೂಗಲ್ ಖಾತೆಗೆ ಪ್ರವೇಶಿಸಿ ಈ ಕೆಲಸ ಮುಗಿಸಬಹುದು.